ಉಗುರಿನ ಮೇಲೊಂದು ಕಾಫಿ ಹೂ

ಪ್ರಶ್ನೆ: ಅಕ್ಕಾ, ನಮ್ಮದು ಸೋಮವಾರಪೇಟೆ ಹತ್ತಿರದ ಹಳ್ಳಿ. ಏಪ್ರಿಲ್‌ನಲ್ಲಿ ಅಣ್ಣನ ಮದುವೆ. ಉಗುರಿಗೆ ಹೂವಿನ ಚಿತ್ರ ಬಿಡಿಸಿಕೊಳ್ಳುವ ಆಸೆ. ಮಡಿಕೇರಿಯ ಪಾರ್ಲರ್‌ಗೆ ಹೋಗಿ ಬರುವಷ್ಟು ಬಿಡುವಿಲ್ಲ. ಕಾಳುಮೆಣಸು ಬಿಡಿಸುವ ಕೆಲಸ ಇರುವುದರಿಂದ ಉಗುರು ಉದ್ದ ಬಿಡೋಕೂ ಆಗಲ್ಲ. ಮನೆಯಲ್ಲೇ ಮಾಡಿ ನೋಡಿದೆ, ಬಣ್ಣವೆಲ್ಲ ಕಲಸಿಹೋಯಿತು. ಏನು ಮಾಡಲಿ?

ಉತ್ತರ: ತಂಗಿ, ಉಗುರು ಗಿಡ್ಡ ಅಂತ ಕೊರಗಬೇಡ. ತೋಟದಲ್ಲಿ ದುಡಿಯುವ ಕೈಗೆ ಅದೇ ಚೆಂದ, ಬಣ್ಣವೂ ಬೇಗ ಎದ್ದು ಹೋಗುವುದಿಲ್ಲ.

ಯಾವ ಹೂ ಅಂತ ನೀನು ಬರೆದಿಲ್ಲ. ಫೋನ್‌ನಲ್ಲಿ ಕಾಣುವ ಟುಲಿಪ್, ಚೆರ್ರಿ ಹೂಗಳು ನಮಗೇಕೆ? ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದಲ್ಲ, ಆ ಕಾಫಿ ಹೂವನ್ನೇ ಬಿಡಿಸು. ರೆಂಬೆ ಮುರಿಯಬೇಡ, ಹತ್ತಿರದಿಂದ ಒಂದು ಫೋಟೋ ತೆಗೆದುಕೋ. ಅರೇಬಿಕಾ ತಳಿಯ ಕಾಫಿ ಹೂವಿಗೆ ಸಾಮಾನ್ಯವಾಗಿ ಐದು ಎಸಳು. ಎಸಳು ಗುಂಡಗಿರುವುದಿಲ್ಲ, ಸಣ್ಣಗೆ ಉದ್ದಕ್ಕಿರುತ್ತದೆ. ಸುಮ್ನೆ ಐದು ಚುಕ್ಕಿ ಇಟ್ಟರೆ ಅದು ಯಾವ ಹೂವಾದರೂ ಆಗಬಹುದು, ಕಾಫಿ ಹೂ ಮಾತ್ರ ಆಗದು.

ಮೊದಲು ಬೇಸ್ ಕೋಟ್, ಅಂದರೆ ಬಣ್ಣದ ಅಡಿಗೆ ಹಚ್ಚುವ ತಿಳಿ ಪದರ. ಇದನ್ನು ಬಿಡಬೇಡ, ಗಾಢ ಬಣ್ಣ ಉಗುರಿಗೆ ಕಲೆ ಹಿಡಿಸುತ್ತದೆ. ಅದರ ಮೇಲೆ ಕಾಫಿ ಎಲೆಯಂಥ ಕಡು ಹಸಿರು, ಎರಡು ತೆಳು ಪದರ. ತಿಳಿ ಗುಲಾಬಿ ಬಣ್ಣದ ಮೇಲೆ ಬಿಳಿ ಹೂ ಎದ್ದು ಕಾಣುವುದಿಲ್ಲ. ಬಿಳಿ ಪಾಲಿಶ್‌ನ ಒಂದು ಹನಿಯನ್ನು ಹಳೇ ಪಿಂಗಾಣಿ ತಟ್ಟೆಗೆ ಹಾಕಿಕೋ. ಹೇರ್‌ಪಿನ್ನಿನ ಗುಂಡು ತುದಿ ಅದ್ದಿ ಒಂದು ಚುಕ್ಕಿ ಇಡು. ಅದು ಹಸಿಯಾಗಿರುವಾಗಲೇ ಟೂತ್‌ಪಿಕ್‌ನಿಂದ ಹೂವಿನ ನಡುವಿನ ಕಡೆಗೆ ಎಳೆ. ಒಂದು ಎಸಳಾಯಿತು. ಹೀಗೇ ಐದು. ಕಾಫಿ ಹೂ ಗೊಂಚಲಾಗಿ ಬಿಡುತ್ತದೆ, ಆದ್ದರಿಂದ ಪಕ್ಕದಲ್ಲಿ ಅರ್ಧ ಹೂವೊಂದು ಇಣುಕಿದರೆ ಇನ್ನೂ ಸೊಗಸು. ಹತ್ತೂ ಬೆರಳಿಗೆ ಹೂ ಬೇಡ. ಉಂಗುರದ ಬೆರಳಿಗೆ ಮಾತ್ರ ಬಿಡಿಸು, ಉಳಿದವು ಬರೀ ಹಸಿರಾಗಿರಲಿ. ಕೆಂಪು ಬೇಕೇ ಬೇಕು ಅನ್ನಿಸಿದರೆ ಹೆಬ್ಬೆರಳಿಗೆ ಹಾಲುವಾಣದ ಹೂವಿನ ಕೆಂಪು ಹಚ್ಚು.

ಇನ್ನು ಬಣ್ಣ ಕಲಸಿದ್ದರ ಬಗ್ಗೆ. ಪಾಲಿಶ್‌ನಲ್ಲಿರುವ ದ್ರಾವಕ ಆರಿದರೆ ಮಾತ್ರ ಬಣ್ಣ ಗಟ್ಟಿಯಾಗುತ್ತದೆ. ದಪ್ಪಗೆ ಹಚ್ಚಿದರೆ ಹಾಲಿನ ಕೆನೆಯಂತೆ ಮೇಲೆ ಮಾತ್ರ ಗಟ್ಟಿ, ಒಳಗೆ ಹಸಿ. ಅದರ ಮೇಲೆ ಟಾಪ್ ಕೋಟ್, ಅಂದರೆ ಕೊನೆಗೆ ಹಚ್ಚುವ ತಿಳಿ ಪದರ ಬಂದರೆ ಅದರ ದ್ರಾವಕ ಕೆಳಗಿನ ಬಣ್ಣವನ್ನು ಮತ್ತೆ ಕರಗಿಸುತ್ತದೆ. ಹೂ ಬಿಡಿಸಿದ ಮೇಲೆ ಹತ್ತು ಹದಿನೈದು ನಿಮಿಷ ಕೈ ಕಟ್ಟಿ ಕೂರು. ಆಮೇಲೆ ಟಾಪ್ ಕೋಟ್‌ನ ಬ್ರಷ್ ಒತ್ತದೆ, ಹನಿಯನ್ನು ತೇಲಿಸಿದ ಹಾಗೆ ಒಂದೇ ಸಲ ಎಳೆ. ಉಗುರಿನ ತುದಿಯ ಅಂಚಿಗೂ ಸವರು, ಸಿಪ್ಪೆ ಏಳುವುದು ಅಲ್ಲಿಂದಲೇ.

ಬೇಗ ಒಣಗಲಿ ಅಂತ ಒಲೆ ಮುಂದೆ ಮಾತ್ರ ಕೂರಬೇಡ, ದಯವಿಟ್ಟು. ಪಾಲಿಶ್, ರಿಮೂವರ್ ಎರಡೂ ತಟ್ಟನೆ ಬೆಂಕಿ ಹಿಡಿಯುವ ವಸ್ತುಗಳು. ಫ್ಯಾನ್ ಕೆಳಗೆ, ಕಿಟಕಿ ತೆಗೆದು ಕೂತುಕೋ.

ಮೆಹಂದಿ ಹಾಕಿಕೊಳ್ಳುವುದಾದರೆ ಅದು ಮೊದಲು ಮುಗಿಯಲಿ. ಕೈಗೆ ಎಣ್ಣೆ ಸವರಿರುತ್ತೀಯಲ್ವಾ, ಉಗುರನ್ನು ರಿಮೂವರ್‌ನಿಂದ ಒರೆಸಿ ಆಮೇಲೆ ಬಣ್ಣ ಹಚ್ಚು. ಮದುವೆ ಹಿಂದಿನ ದಿನ ಮಧ್ಯಾಹ್ನವೇ ಕೂತರೆ ಒಳ್ಳೆಯದು. ರಾತ್ರಿ ಹಚ್ಚಿ ಮಲಗಿದರೆ ಹೊದಿಕೆಯ ಗುರುತು ಬೀಳುತ್ತದೆ. ಮದುವೆ ಮುಗಿದು ಮತ್ತೆ ಮೆಣಸಿಗೆ ಕೈ ಹಾಕಿದಾಗ ಬಣ್ಣ ಏಳತೊಡಗಿದರೆ ಕೆರೆದು ಕೀಳಬೇಡ, ಉಗುರಿನ ಮೇಲ್ಪದರವೂ ಜೊತೆಗೆ ಎದ್ದು ಬರುತ್ತದೆ. ರಿಮೂವರ್ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಒರೆಸು, ಕೈ ತೊಳೆದು ತೆಂಗಿನೆಣ್ಣೆ ಹಚ್ಚು.