ಪುಡಿ ಬೇಡ, ಹೂಳು ತೆಗೆಸಿ

ಸೆಪ್ಟಿಕ್ ಟ್ಯಾಂಕ್‌ಗೆ ತಿಂಗಳಿಗೊಮ್ಮೆ ಬ್ಯಾಕ್ಟೀರಿಯಾ ಪುಡಿ ಸುರಿದರೆ ಹೂಳು ತೆಗೆಸುವ ಖರ್ಚು ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಉಳಿಯುವುದಿಲ್ಲ. ಆ ಕೆಲಸಕ್ಕೆ ಬೇಕಾದ ಬ್ಯಾಕ್ಟೀರಿಯಾ ಮಲದಲ್ಲಿಯೇ ಧಾರಾಳವಾಗಿವೆ; ದುಡ್ಡು ಕೊಟ್ಟು ತರಬೇಕಾಗಿಲ್ಲ.

ಟ್ಯಾಂಕ್ ನೀರನ್ನು ಶುದ್ಧ ಮಾಡುತ್ತದೆ ಎಂಬ ನಂಬಿಕೆಯೇ ಅರ್ಧ ತಪ್ಪು. ಅಲ್ಲಿ ನಡೆಯುವುದು ಮುಖ್ಯವಾಗಿ ಬೇರ್ಪಡಿಕೆ: ಭಾರವಾದದ್ದು ತಳ ಸೇರುತ್ತದೆ, ಎಣ್ಣೆ ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹೋಗುತ್ತದೆ. ರೋಗಾಣುಗಳನ್ನು ತಡೆಯುವ ಕೆಲಸ ಬಹುಪಾಲು ಅಲ್ಲಿನ ಮಣ್ಣಿನದು. ಟ್ಯಾಂಕ್‌ನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ತಳದ ಹೂಳಿನ ಒಂದು ಪಾಲನ್ನು ಮಾತ್ರ ಕರಗಿಸುತ್ತವೆ. ಉಳಿದದ್ದು ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದು, ಕೊನೆಗೆ ನೀರಿನೊಂದಿಗೆ ಇಂಗುಗುಂಡಿಗೂ ನುಗ್ಗಿ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ನಿಜವಾದ ಖರ್ಚು ಶುರುವಾಗುವುದು ಆಗ. ಪುಡಿ ಮಾರುವವರು ಇದನ್ನು ಹೇಳುವುದಿಲ್ಲ.

ಹೂಳು ಮತ್ತು ತೇಲುವ ಪದರ ಸೇರಿ ಟ್ಯಾಂಕ್‌ನ ಮೂರನೇ ಒಂದು ಭಾಗ ತುಂಬುವ ಮೊದಲೇ ತೆಗೆಸಿ. ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ. ಕರಿದ ಎಣ್ಣೆ, ಬಟ್ಟೆ ಚೂರು, ಸ್ಯಾನಿಟರಿ ಪ್ಯಾಡ್ ಒಳಗೆ ಹೋಗದಂತೆ ನೋಡಿಕೊಳ್ಳಿ. ಒಂದು ಮಾತು ಮಾತ್ರ ಕಡ್ಡಾಯ: ಯಾರನ್ನೂ ಒಳಗೆ ಇಳಿಸಬೇಡಿ. ಟ್ಯಾಂಕ್‌ನೊಳಗೆ ಸೇರಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಜೀವ ತೆಗೆಯಬಲ್ಲ ವಿಷಾನಿಲ; ಅದು ಹೆಚ್ಚಾದಾಗ ಅದರ ವಾಸನೆಯೇ ಮೂಗಿಗೆ ತಿಳಿಯುವುದಿಲ್ಲ. ಯಂತ್ರದಿಂದಲೇ ಹೀರಿಸಿ.