ಜರ್ಮನಿಯಲ್ಲಿ ಎಂ.ಎಸ್ಸಿ.: ಪೊನ್ನಂಪೇಟೆಯಿಂದ ಬಂದ ಪ್ರಶ್ನೆಗೆ

ಪೊನ್ನಂಪೇಟೆಯಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿದ್ದೀರಿ, ವಿಟಿಯು ಸಿಜಿಪಿಎ 7.8, ಜರ್ಮನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂ.ಎಸ್ಸಿ. ಮಾಡುವ ಯೋಚನೆ. ಕೇಳಿರುವುದು ಮೂರು: ಫೀಸೇ ಇಲ್ಲವಂತೆ ನಿಜವಾ, ಈ ಅಂಕಕ್ಕೆ ಸೀಟು ಸಿಗುತ್ತಾ, 5 ಲಕ್ಷದಲ್ಲಿ ಆಗುತ್ತಾ. ಮೊದಲನೆಯದಕ್ಕೆ ಬಹುಮಟ್ಟಿಗೆ ಹೌದು. ಎರಡನೆಯದನ್ನು ಲೆಕ್ಕ ಹಾಕಿ ನೋಡಬೇಕು. ಮೂರನೆಯದು ಆಗುವುದಿಲ್ಲ.

ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ವಂತಿಗೆ ಮಾತ್ರ. ಅನೇಕ ಕಡೆ ಅದರಲ್ಲೇ ಬಸ್ಸು-ರೈಲಿನ ಪಾಸೂ ಸೇರಿರುತ್ತದೆ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ ತೆಗೆದುಕೊಳ್ಳುತ್ತಿದೆ. ಏಜೆಂಟರು "ಖಚಿತ ಸೀಟು" ಅಂತ ತೋರಿಸುವುದು ಸಾಮಾನ್ಯವಾಗಿ ಖಾಸಗಿ ಸಂಸ್ಥೆಗಳನ್ನು. ಅಲ್ಲಿ ಫೀಸು ಇದೆ, ಚೆನ್ನಾಗಿಯೇ ಇದೆ.

5 ಲಕ್ಷ ಯಾಕೆ ಸಾಲದು ಅಂದರೆ, ದೊಡ್ಡ ಮೊತ್ತ ಬೇಕಾಗುವುದು ಬ್ಲಾಕ್ಡ್ ಅಕೌಂಟಿಗೆ. ವೀಸಾ ಅರ್ಜಿಗೆ ಮೊದಲು ಒಂದು ವರ್ಷದ ಖರ್ಚು, 11,904 ಯೂರೋ, ಒಂದೇ ಗಂಟಾಗಿ ಕಟ್ಟಿರಬೇಕು. ಇಲ್ಲಿಗೆ, ಅಂದರೆ ಜರ್ಮನಿಗೆ, ಬಂದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮಗೇ ವಾಪಸ್ ಬರುತ್ತದೆ. ಕೊಡಗಿನವರು ಎಡವುವುದು ಇಲ್ಲಿ. ಸರಕಾರಿ ಬ್ಯಾಂಕಿನಲ್ಲಿ ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ತೋಟ ಇದೆಯಲ್ಲ ಅಂದುಕೊಂಡು ಹೋದರೆ, ಜಮ್ಮಾ ಜಾಗವಾದರೆ (ಕೊಡಗಿನಲ್ಲಿ ವಂಶದಿಂದ ಬಂದ ಜಮೀನು) ಆರ್‌ಟಿಸಿಯಲ್ಲಿ ಇನ್ನೂ ಮುತ್ತಜ್ಜನ ಕಾಲದ ಪಟ್ಟೇದಾರರ ಹೆಸರೇ ಇರುತ್ತದೆ, ಜೊತೆಗೆ ಒಕ್ಕದವರ, ಅಂದರೆ ಇಡೀ ಮನೆತನದವರ, ಪಾಲು. ಬ್ಯಾಂಕಿನ ವಕೀಲರು ಫೈಲನ್ನು ಪಕ್ಕಕ್ಕಿಡುತ್ತಾರೆ. ಆದ್ದರಿಂದ ಪೇಟೆಯಲ್ಲಿ ಸ್ವಂತ ಹೆಸರಿನ ಸೈಟೋ ಮನೆಯೋ ಇದ್ದರೆ ಅದನ್ನೇ ತೋರಿಸಿ. ಸಾಲ ಬೇಡ, ಕಾಫಿ-ಮೆಣಸಿನ ದುಡ್ಡಿನಲ್ಲೇ ಮಾಡುತ್ತೇವೆ ಅನ್ನುವುದಾದರೆ, ರೊಬಸ್ಟಾ ಕೊಯ್ಲಿನ ಹಣ ಮಾರ್ಚ್ ಆಸುಪಾಸಿನಲ್ಲಿ ಕೈಗೆ ಬಂದಾಗಲೇ ಬೇರೆ ತೆಗೆದಿಡಿ. ಖಾತೆ ತುಂಬಬೇಕಾಗುವುದು ಜೂನ್-ಜುಲೈನಲ್ಲಿ, ಆ ಹೊತ್ತಿಗೆ ಅದು ಗೊಬ್ಬರಕ್ಕೂ ಆಳುಗಳ ಸಂಬಳಕ್ಕೂ ಹೋಗಿರುತ್ತದೆ. ಇದಲ್ಲದೆ ಕೈಯಲ್ಲಿ ಇನ್ನೂ 2,000 ಯೂರೋ ಬೇಕು, ಯಾಕೆಂದು ಕೆಳಗೆ ಹೇಳುತ್ತೇನೆ.

ಅಂಕದ ಲೆಕ್ಕಕ್ಕೆ ಬನ್ನಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಅಂದರೆ ಬರೀ ಪಾಸು. ನಮ್ಮ ಅಂಕವನ್ನು ಬವೇರಿಯನ್ ಸೂತ್ರದಿಂದ ಬದಲಾಯಿಸುತ್ತಾರೆ: ಗರಿಷ್ಠದಲ್ಲಿ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠಕ್ಕೂ ಪಾಸಿನ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ನಿಮಗೆ 10ರಲ್ಲಿ 7.8 ಕಳೆದರೆ 2.2. ಪಾಸಿನ ಅಂಕ 4 ಅಂತ ಹಿಡಿದರೆ 6ರಿಂದ ಭಾಗ, ಫಲ 2.1. ಅದೇ 5 ಅಂತ ಹಿಡಿದರೆ 2.3. ಅನೇಕ ಕೋರ್ಸುಗಳು 2.5ರವರೆಗೆ ತೆಗೆದುಕೊಳ್ಳುತ್ತವೆ, ಪೈಪೋಟಿ ಇರುವಲ್ಲಿ ಈ 0.2 ಸೀಟನ್ನೇ ತಪ್ಪಿಸಬಹುದು. ಹಾಗಾಗಿ ಗರಿಷ್ಠ ಎಷ್ಟು, ಪಾಸಾಗಲು ಕನಿಷ್ಠ ಎಷ್ಟು ಅನ್ನುವುದು ಬರವಣಿಗೆಯಲ್ಲಿ ಇರುವ ಕಾಗದ ಕಾಲೇಜಿನಿಂದಲೋ ವಿಟಿಯುನಿಂದಲೋ ತೆಗೆದುಕೊಳ್ಳಿ. ಅದಿಲ್ಲದಿದ್ದರೆ ಅಲ್ಲಿ ಕೂತವರು ತಮ್ಮ ಪಟ್ಟಿಯಲ್ಲಿ ಇದ್ದದ್ದನ್ನು ಹಾಕುತ್ತಾರೆ.

ಕೋರ್ಸಿನ ಹೆಸರು ನೋಡಿ ಆರಿಸಬೇಡಿ. "ಸಾಫ್ಟ್‌ವೇರ್ ಎಂಜಿನಿಯರಿಂಗ್" ಅಂತಲೇ ಹೆಸರಿರುವ ಎಂ.ಎಸ್ಸಿ. ಇಲ್ಲಿ ಕಡಿಮೆ, ಹೆಚ್ಚಿನವು ಇನ್‌ಫರ್ಮಾಟಿಕ್ (ಕಂಪ್ಯೂಟರ್ ಸೈನ್ಸ್) ಹೆಸರಿನಡಿ, ಒಳಗೆ ಒಂದು ವಿಭಾಗವಾಗಿ ಇರುತ್ತವೆ. ಪ್ರತಿ ಕೋರ್ಸಿಗೂ ಒಂದು ಮಾಡ್ಯೂಲ್ ಕೈಪಿಡಿ ಇರುತ್ತದೆ, ಅದನ್ನು ಇಳಿಸಿಕೊಂಡು ರಿಕ್ವೈರ್‌ಮೆಂಟ್ಸ್, ಆರ್ಕಿಟೆಕ್ಚರ್, ಟೆಸ್ಟಿಂಗ್, ಫಾರ್ಮಲ್ ವೆರಿಫಿಕೇಶನ್ ಇವು ಇಂಗ್ಲಿಷಿನಲ್ಲಿ ಯಾವ ಸೆಮಿಸ್ಟರಿನಲ್ಲಿ ಕಲಿಸುತ್ತಾರೆ ಅಂತ ನೋಡಿ. ಒಟ್ಟು 120 ಇಸಿಟಿಎಸ್ (ಯುರೋಪಿನ ಕ್ರೆಡಿಟ್), ಅದರಲ್ಲಿ 30 ಥೀಸಿಸ್ಸಿಗೆ. ಒಂದು ಇಸಿಟಿಎಸ್ ಅಂದರೆ ಸುಮಾರು 30 ಗಂಟೆಯ ದುಡಿಮೆ, ಬರೀ ತರಗತಿಯಲ್ಲಿ ಕೂರುವುದಲ್ಲ.

ಅರ್ಜಿ ತಿರಸ್ಕಾರವಾಗುವುದು ಬಹಳ ಸಲ ಅಂಕದಿಂದಲ್ಲ, ವಿಷಯದ ಕೊರತೆಯಿಂದ. ಗಣಿತಕ್ಕೆ ಇಷ್ಟು, ಥಿಯರಿ ಆಫ್ ಕಂಪ್ಯೂಟೇಶನ್ನಿಗೆ ಇಷ್ಟು ಅಂತ ಕನಿಷ್ಠ ಕೇಳುತ್ತಾರೆ. ಈಚಿನ ವಿಟಿಯು ಸ್ಕೀಮಿನಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್. ಇಲ್ಲಿನ ನಾಲ್ಕು ವರ್ಷದ 240ಕ್ಕೆ ಹೋಲಿಸಿ 1.5ರಿಂದ ಗುಣಿಸಿ ನೀವೇ ಅಂದಾಜು ಮಾಡಿ. ಕೆಲವು ಕಡೆ ಇದಕ್ಕಿಂತ ಬಿಗಿಯಾಗಿ ಎಣಿಸುತ್ತಾರೆ. ಅರ್ಜಿಯ ಜೊತೆ ಸಿಲಬಸ್ ಪ್ರತಿಗಳನ್ನು ಇಡಿ, "ಮ್ಯಾಥ್ಸ್-3" ಅನ್ನುವ ಹೆಸರಿನಿಂದ ಒಳಗೇನಿದೆ ಅಂತ ಅವರಿಗೆ ತಿಳಿಯುವುದಿಲ್ಲ.

ಈಗ ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು: ನಿಮ್ಮ ಹೆಸರು. ನಮ್ಮಲ್ಲಿ ಮನೆ ಹೆಸರು ಮುಂದೆ, ಸ್ವಂತ ಹೆಸರು ನಂತರ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು ಇನಿಷಿಯಲ್, ವಿಟಿಯು ಕಾರ್ಡಿನಲ್ಲಿ ಅಪ್ಪನ ಹೆಸರೂ ಸೇರಿ ಎರಡು, ಪಾಸ್‌ಪೋರ್ಟಿನಲ್ಲಿ ಪೂರ್ತಿ ಬಿಡಿಸಿ ಬರೆದದ್ದು, ಸರ್‌ನೇಮ್ ಜಾಗ ಖಾಲಿ. ಊರಿನಲ್ಲಿ ಯಾರೂ ಕೇಳುವುದಿಲ್ಲ, ಇಲ್ಲಿ ಪ್ರತಿ ಕಚೇರಿಯಲ್ಲೂ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ತುಂಬಿಸಿಕೊಂಡು, ಉಳಿದ ವ್ಯತ್ಯಾಸಕ್ಕೆ ಇಬ್ಬರೂ ಒಬ್ಬರೇ ಅನ್ನುವ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಆಮೇಲೆ ಎಪಿಎಸ್‌ಗೆ ಹಾಕಿ: ಭಾರತದ ಪದವಿ ಅಸಲಿಯೇ ಅಂತ ಪರಿಶೀಲಿಸಿ ಕೊಡುವ ಪ್ರಮಾಣಪತ್ರ, 2022ರ ನವೆಂಬರಿನಿಂದ ಕಡ್ಡಾಯ, ಶುಲ್ಕ 18,000 ರೂಪಾಯಿ. ಸೇರುವುದಕ್ಕೆ ಹಿಂದಿನ ವರ್ಷದ ನವೆಂಬರಿನೊಳಗೆ ಇದು ಕೈಯಲ್ಲಿದ್ದರೆ ನೆಮ್ಮದಿ. ಅಕ್ಟೋಬರಿನ ಸೆಮಿಸ್ಟರಿಗೆ ಜುಲೈ 15 ಕೊನೆಯ ದಿನ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನಮಗೆ ಮೇ 31ಕ್ಕೇ, ಕೆಲವು ಕಡೆ ಅದಕ್ಕೂ ಮೊದಲೇ ಬಾಗಿಲು ಹಾಕುವ ಕೋರ್ಸುಗಳಿವೆ. ಯೂನಿ-ಅಸಿಸ್ಟ್ (ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಅರ್ಜಿಗಳನ್ನು ಪರಿಶೀಲಿಸುವ ಸಂಸ್ಥೆ) ಮೂಲಕ ಹಾಕುವುದಕ್ಕೆ ಮೊದಲ ಅರ್ಜಿಗೆ 75, ನಂತರದ ಪ್ರತಿಯೊಂದಕ್ಕೆ 30 ಯೂರೋ. ಸ್ಕ್ಯಾನಿಂಗ್, ಅಪ್‌ಲೋಡ್ ಎಲ್ಲ ಮಳೆಗಾಲಕ್ಕೆ ಮುಂಚೆ ಮುಗಿಸಿ; ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲ ಅನ್ನುವುದು ಯೂನಿ-ಅಸಿಸ್ಟ್‌ನವರಿಗೆ ಅರ್ಥವಾಗುವ ಕಾರಣವಲ್ಲ.

ಬಂದಿಳಿದ ಮೇಲೆ ಒಂದಕ್ಕೊಂದು ಕೊಂಡಿ. ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆಮಾಲೀಕ ಸಹಿ ಮಾಡಿದ ಕಾಗದ ಬೇಕು. ನೋಂದಣಿ ಇಲ್ಲದಿದ್ದರೆ ಅನೇಕ ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ, ಖಾತೆ ಇಲ್ಲದಿದ್ದರೆ ಬ್ಲಾಕ್ಡ್ ಅಕೌಂಟಿನ 992 ಹೊರಬರುವುದಿಲ್ಲ. ಆ 2,000 ಯೂರೋ ಇದಕ್ಕೆ: ಮೊದಲ ಬಾಡಿಗೆ ಮತ್ತು ಮುಂಗಡ, ಮುಂಗಡ ಮೂಲ ಬಾಡಿಗೆಯ ಮೂರು ಪಟ್ಟಿನವರೆಗೂ ಇರಬಹುದು. ತಾತ್ಕಾಲಿಕ ಕೋಣೆಯವರು ಆ ಕಾಗದ ಕೊಡುತ್ತಾರಾ ಅಂತ ಕೇಳಿಯೇ ಬುಕ್ ಮಾಡಿ. ಕೋಣೆ ನೋಡದೆ ದುಡ್ಡು ಕಳಿಸಬೇಡಿ. 30 ವರ್ಷದೊಳಗಿನವರಾದರೆ ಸರಕಾರಿ ಪದ್ಧತಿಯ ವಿದ್ಯಾರ್ಥಿ ಆರೋಗ್ಯ ವಿಮೆಯನ್ನೇ ತೆಗೆದುಕೊಳ್ಳಿ. ಖಾಸಗಿ ವಿಮೆ ಅಗ್ಗ ಅಂತ ಅದರಿಂದ ವಿನಾಯಿತಿ ಪಡೆದರೆ ಓದು ಮುಗಿಯುವವರೆಗೆ ವಾಪಸ್ ಬರಲಾಗುವುದಿಲ್ಲ.

ಓದಿನ ಬಗ್ಗೆ ಒಂದು ಎಚ್ಚರಿಕೆ. ಇಲ್ಲಿ ಇಂಟರ್ನಲ್ಸ್‌ನಿಂದ ಎಳೆದುಕೊಂಡು ಪಾಸಾಗುವುದು ಇಲ್ಲ, ಬಹುತೇಕ ವಿಷಯಗಳಿಗೆ ಕೊನೆಯಲ್ಲಿ ಒಂದೇ ಪರೀಕ್ಷೆ, ಅದಕ್ಕೂ ನೀವೇ ಆನ್‌ಲೈನಿನಲ್ಲಿ ಹೆಸರು ಹಾಕಬೇಕು. ಆ ದಿನಾಂಕ ತಪ್ಪಿದರೆ ಬರೆಯಲು ಬಿಡುವುದಿಲ್ಲ. ಹೆಸರು ಹಾಕಿ, ಗಡುವಿನೊಳಗೆ ತೆಗೆಸದೆ, ಹೋಗದಿದ್ದರೆ 5.0, ಅಂದರೆ ಫೇಲು. ಸಾಮಾನ್ಯವಾಗಿ ಮೂರು ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಕೋರ್ಸಿನಿಂದ ಹೆಸರು ತೆಗೆಯುತ್ತಾರೆ, ಅದೇ ಕೋರ್ಸಿಗೆ ದೇಶದ ಬೇರೆಡೆಯೂ ಸೇರುವುದು ಕಷ್ಟ. ತಂಡದ ಪ್ರಾಜೆಕ್ಟಿನಲ್ಲಿ ನಮ್ಮವರು ಸೋಲುವುದು ಕೋಡ್ ಬರದೆ ಅಲ್ಲ, ಸಿಕ್ಕಿಕೊಂಡಾಗ ಸುಮ್ಮನಿದ್ದು. ಗಿಟ್‌ನಲ್ಲಿ ಯಾರ ಕಮಿಟ್, ಅಂದರೆ ದಾಖಲಿಸಿದ ಕೋಡ್ ಬದಲಾವಣೆ, ಯಾವ ದಿನ ಬಂತು ಅಂತ ಎಲ್ಲರಿಗೂ ಕಾಣುತ್ತದೆ. ಕೊನೆಯ ರಾತ್ರಿ ಒಂದೇ ದೊಡ್ಡ ಕಮಿಟ್ ಹಾಕಿದರೆ ಅದನ್ನು ಯಾರು ಬರೆದರು ಅನ್ನುವ ಪ್ರಶ್ನೆ ಏಳುತ್ತದೆ.

ಕೆಲಸಕ್ಕೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ಅನುಮತಿ ಇದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಕಂಪನಿಯ ಮೀಟಿಂಗು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಮೊದಲ ಹಂತವಾದ ಎ1 ಈಗಲೇ ಶುರುಮಾಡಿ, ಹೊರಡುವಾಗ ಎ2 ಆಗಿರಲಿ. ಮುಂದಿನ ಸಲ ಬರೆಯುವಾಗ ವಿಟಿಯು ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಹಾಕಿದ ದಿನಾಂಕವನ್ನೂ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಏನಿದೆ ಅನ್ನುವುದನ್ನೂ ತಿಳಿಸಿ.