ಹಳೇ ಡಿಜೈರ್ ಇಟ್ಕೊಳ್ಳೋದಾ, ಲೀಸ್‌ಗೆ ಹೋಗೋದಾ?
2012ರ ಪೆಟ್ರೋಲ್ ಮಾರುತಿ ಡಿಜೈರ್ ಕಾರು, 78,000 ಕಿ.ಮೀ. ಓಡಿದೆ, 15 ವರ್ಷಕ್ಕೆ ಆರ್‌ಸಿ ಮುಗಿಯುತ್ತೆ, ಆಫೀಸಿನವರು ಹೊಸ ಕಾರು ಲೀಸ್‌ಗೆ (ಬಾಡಿಗೆ ಥರ, ಸಂಬಳದಲ್ಲಿ ಹಿಡಿದು) ಕೊಡ್ತಾರೆ, ಏನ್ ಮಾಡ್ಲಿ ಅಂದಿದ್ದೀರಿ. ನಾನಾದರೆ ಇಟ್ಕೊಳ್ತೀನಿ ಸಾರ್.

15 ಆದ್ರೆ ಗುಜರಿಗೆ ಅನ್ನೋದು ದೆಹಲಿ ಕಡೆ ಕಥೆ. ನಮ್ಮ ಕರ್ನಾಟಕದಲ್ಲಿ ಆರ್‌ಟಿಒ ತಪಾಸಣೆ ಪಾಸಾದ್ರೆ ಇನ್ನೂ 5 ವರ್ಷ ಸಿಗುತ್ತೆ. ಶುಲ್ಕ, ಹಸಿರು ತೆರಿಗೆ ಕಟ್ಟಬೇಕು, ಅಷ್ಟೇ. 10 ಲಕ್ಷ ದಾಟಿದ ಹೊಸ ಪೆಟ್ರೋಲ್ ಕಾರಿಗೆ ಇಲ್ಲಿ ಆಜೀವ ತೆರಿಗೆಯೇ ಕನಿಷ್ಠ 17%, ಅದರ ಮೇಲೆ ಸೆಸ್ಸು ಬೇರೆ!

ಲೀಸ್ ಕಾರು ನಿಮ್ಮ ಹೆಸರಲ್ಲಿ ಇರಲ್ಲ. ನಾನು 4 ವರ್ಷದ ಲೀಸ್ ತಗೊಂಡು ಎರಡನೇ ವರ್ಷ ಕೆಲಸ ಬಿಟ್ಟೆ. ಲೀಸ್ ಮಧ್ಯದಲ್ಲೇ ಮುರಿದಿದ್ದಕ್ಕೆ ಕೊನೇ ಸಂಬಳದಲ್ಲಿ ಹಿಡಿದುಕೊಂಡ ಮೊತ್ತ ನೋಡಿ ಹೆಂಡತಿ ಎರಡು ದಿನ ಮಾತಾಡ್ಲಿಲ್ಲ. ಅದೇ ಕಂಪನಿಯಲ್ಲಿ ಇರ್ತೀನಿ ಅನ್ನೋ ಖಾತ್ರಿ ಇದ್ರೆ ಮಾತ್ರ ಯೋಚಿಸಿ.

ಮೊದಲು ಡಿಕ್ಕಿ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು, ಕೆಳಗಿನ ತಗಡನ್ನ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ. ಟಣ್ ಅಂದ್ರೆ ಗಟ್ಟಿ. ತುಕ್ಕು ಪುಡಿಪುಡಿಯಾಗಿ ಉದುರಿದ್ರೆ ಮಾರಿ, ಮತ್ತೆ ಡಿಜೈರೇ ತಗೊಳ್ಳಿ. 4 ಮೀಟರ್ ಒಳಗಿರೋದ್ರಿಂದ 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ 18%. ಉದ್ದದ ಸೆಡಾನ್‌ಗಳಿಗೆ 40%.